ಸರ್ವರ್ ಇಲ್ಲ ಅಂದಾಗ ಶುರುವಾಗುವ ಪಾಠ

2000ದ ಆಸುಪಾಸಿನಲ್ಲಿ ಕರ್ನಾಟಕದ ಕಂದಾಯ ಇಲಾಖೆ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿತು. ಗ್ರಾಮ ಲೆಕ್ಕಿಗರ ಕೈಬರಹದಲ್ಲಿ, ಅವರ ಚೀಲದಲ್ಲೇ ಊರೂರು ಸುತ್ತುತ್ತಿದ್ದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಹತ್ತಿಸುವ ಕೆಲಸ. ಹೆಸರು ‘ಭೂಮಿ’. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, 177 ತಾಲ್ಲೂಕು. ತಾಲ್ಲೂಕು ಕಚೇರಿಯ ಕೌಂಟರಿಗೆ ಹೋಗಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಆದ ಪಹಣಿ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆ ಅರ್ಜಿಗೂ ಸರದಿ ಬಂತು. ಮೊದಲು ಕೊಟ್ಟವರದ್ದು ಮೊದಲು. ಕಡತವನ್ನು ಮೇಲೆ ಕೆಳಗೆ ಮಾಡುವ ಹಾಗಿರಲಿಲ್ಲ.

ಇದು ಒಳ್ಳೆಯದಾಯಿತೇ ಕೆಟ್ಟದಾಯಿತೇ? ಇಲ್ಲಿಂದಲೇ ಮಜಾ ಶುರು.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ 2002ರಲ್ಲಿ ಕೌಂಟರಿಗೆ ಬಂದ ರೈತರನ್ನೇ ಕೇಳಿತು. ಹಳೇ ಪದ್ಧತಿಯಲ್ಲಿ ಲಂಚ ಕೊಟ್ಟಿದ್ದೆವು ಅಂದವರು ನೂರಕ್ಕೆ 66 ಮಂದಿ. ‘ಭೂಮಿ’ ಬಂದ ಮೇಲೆ ಕೊಟ್ಟವರು 3 ಮಂದಿ. ಇಂಥ ಅಂಕಿ ಸಿಕ್ಕರೆ ಯಾವ ಸರ್ಕಾರ ಸುಮ್ನೆ ಕೂರುತ್ತದೆ? ವಿಶ್ವಬ್ಯಾಂಕ್‌ವರೆಗೂ ಹೊಗಳಿಕೆ ಹೋಯಿತು.

ಕೆಲವು ವರ್ಷದ ನಂತರ, 2007ರಲ್ಲಿ, ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಜೊತೆಗಾರರು ಬೆಂಗಳೂರಿನ ಸುತ್ತಲ ಹಳ್ಳಿಗಳನ್ನು ನೋಡಿ ಬರೆದ ಅಧ್ಯಯನ ಬೇರೆಯದೇ ಕಥೆ ಹೇಳಿತು. ಅಧಿಕಾರ ಹಳ್ಳಿಯಿಂದ ಎದ್ದು ತಾಲ್ಲೂಕು ಕಚೇರಿಗೆ ಹೋಗಿ ಕೂತಿದೆ, ಲಂಚವೂ ಅದರ ಹಿಂದೆಯೇ ಹೋಗಿದೆ, ದಾಖಲೆ ಒಂದೇ ಕಡೆ ಸಿಗುವಂತಾದದ್ದರಿಂದ ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೆ ಹಾದಿ ಸಲೀಸಾಗಿದೆ ಎಂಬುದು ಅವರ ವಾದ. ಕೈಬರಹದ ಕಾಲದಲ್ಲಿ ಊರಿನವರಿಗೆ ಮಾತ್ರ ಗೊತ್ತಿರುತ್ತಿದ್ದ ಬಾಯಿಮಾತಿನ ಹಕ್ಕುಗಳು, ಹೊಂದಾಣಿಕೆಗಳು ಕಂಪ್ಯೂಟರಿನ ಕಾಲಂಗಳಲ್ಲಿ ಹಿಡಿಸಲಿಲ್ಲ.

ಎರಡರಲ್ಲಿ ಯಾವುದು ನಿಜ? ಎರಡೂ ನಿಜ ಇರಬಹುದು. ಮೊದಲನೆಯವರು ಪಹಣಿ ತೆಗೆದುಕೊಳ್ಳಲು ಬಂದವನನ್ನು ಕೇಳಿದರು. ಎರಡನೆಯವರು ಆ ಜಮೀನು ಆಮೇಲೆ ಯಾರ ಕೈ ಸೇರಿತು ಅಂತ ಕೇಳಿದರು. ಒಂದೇ ಯಂತ್ರ, ನಿಂತು ನೋಡಿದ ಜಾಗ ಬೇರೆ. ತಂತ್ರಜ್ಞಾನ ಸಮಾಜಕ್ಕೆ ಏನು ಮಾಡುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಕೂತು ಓದುವುದು ಅಂದರೆ ಬಹುಪಾಲು ಇದೇ. ಎಲ್ಲಿ ನಿಂತು ನೋಡುತ್ತಿದ್ದೇವೆ ಎಂಬ ಎಚ್ಚರ ಇಟ್ಟುಕೊಂಡು, ಅಧಿಕಾರ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತು ಎಂದು ಹುಡುಕುವುದು.

ಈ ಓದಿಗೆ ಈಗ ಒಂದು ನೆಲೆ ಸಿಕ್ಕಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2001ರಲ್ಲೇ ಇಂಟರ್ನೆಟ್ಟಿಗಾಗಿ ಒಂದು ಪ್ರತ್ಯೇಕ ಸಂಸ್ಥೆ ಕಟ್ಟಿತು. ನಮ್ಮಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ಬೆಂಗಳೂರು ‘ಡಿಜಿಟಲ್ ಸೊಸೈಟಿ’ ಹೆಸರಿನಲ್ಲಿ ಎಂಎಸ್ಸಿ ಕೋರ್ಸ್ ಶುರು ಮಾಡಿತು. ಕೋಡ್ ಬರೆಯುವವರನ್ನು ತಯಾರಿಸುವ ಕಟ್ಟಡದೊಳಗೇ ಕೋಡ್ ಮಾಡಿದ್ದನ್ನು ಪ್ರಶ್ನಿಸುವವರಿಗೂ ಜಾಗ ಕೊಟ್ಟದ್ದು ಸಣ್ಣ ಮಾತಲ್ಲ. ವಿಶ್ವವಿದ್ಯಾಲಯದ ಹೊರಗೂ ಬೆಂಗಳೂರಿನಲ್ಲಿ ಐಟಿ ಫಾರ್ ಚೇಂಜ್, ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯಂಥ ಸಂಸ್ಥೆಗಳು ವರ್ಷಗಳಿಂದ ಇದೇ ಕೆಲಸ ಮಾಡುತ್ತಿವೆ.

ಈ ಓದಿನವರು ಮತ್ತೆ ಮತ್ತೆ ಎತ್ತುವ ಒಂದು ಕಥೆ ನಮ್ಮ ಪಕ್ಕದ ಕೇರಳದ್ದು. 1997ರಿಂದ 2001ರ ನಡುವೆ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕರಾವಳಿಗೆ ಮೊಬೈಲ್ ಟವರ್‌ಗಳು ಬಂದವು. ಅದಕ್ಕೂ ಮುಂಚೆ ಒಂದು ಕಡೆ ಬೂತಾಯಿ ಮೀನಿಗೆ ಕೊಳ್ಳುವವರೇ ಇಲ್ಲದೆ ಕಡಲಿಗೆ ಸುರಿಯುತ್ತಿದ್ದರು, ಹತ್ತು ಹದಿನೈದು ಕಿಲೋಮೀಟರ್ ಆಚೆ ಮೀನೇ ಸಿಗದೆ ಜನ ಬರಿಗೈಲಿ ಮನೆಗೆ ಹೋಗುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯಲ್ಲೇ ಕೂತು ಬೆಲೆ ವಿಚಾರಿಸಿ, ಒಳ್ಳೆ ಬೆಲೆ ಇರುವ ಕಡೆ ದಡ ಸೇರುವುದು ಸಾಧ್ಯವಾಯಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಲೆಕ್ಕ ಕೊಟ್ಟರು: ಮೀನುಗಾರರ ಲಾಭ ಶೇ 8ರಷ್ಟು ಏರಿತು, ಗ್ರಾಹಕರಿಗೆ ಬೆಲೆ ಶೇ 4ರಷ್ಟು ಇಳಿಯಿತು, ಮೀನು ಬಿಸಾಡುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಎಲ್ಲರಿಗೂ ಲಾಭ. ಜಗತ್ತಿನ ಸಮ್ಮೇಳನಗಳಲ್ಲಿ ‘ಬಡವರಿಗೆ ಫೋನ್ ಕೊಡಿ, ಮಿಕ್ಕಿದ್ದು ತಾನಾಗಿ ಆಗುತ್ತದೆ’ ಎನ್ನುವವರಿಗೆ ಇದೇ ದೊಡ್ಡ ಸಾಕ್ಷಿಯಾಯಿತು.

ಐಐಐಟಿ ಬೆಂಗಳೂರಿನಲ್ಲಿ ಪಾಠ ಮಾಡುತ್ತಿದ್ದ ಜಾನಕಿ ಶ್ರೀನಿವಾಸನ್ ಮತ್ತು ಅಮೆರಿಕದ ಜೆನ್ನಾ ಬರೆಲ್ ಕೇರಳದ ದಡಕ್ಕೆ ಹೋಗಿ ಮೀನುಗಾರರ ಜೊತೆ ಮಾತಾಡಿದರು. 2013ರಲ್ಲಿ ಅವರು ಬರೆದದ್ದು ಜೆನ್ಸನ್ ಲೆಕ್ಕವನ್ನು ಸುಳ್ಳು ಅನ್ನಲಿಲ್ಲ, ಆದರೆ ಅದರ ಅಡಿಪಾಯ ಬಗೆದು ತೋರಿಸಿತು. ಫೋನ್ ಇದೆ ಅಂತ ಎಲ್ಲ ದೋಣಿಯವರೂ ಮೀನು ಮಾರುವ ಬಂದರನ್ನು ಬದಲಿಸುವುದಿಲ್ಲ. ದೋಣಿ ಎಂಥದ್ದು, ಬಲೆ ಯಾವುದು, ದೋಣಿ ಕೊಳ್ಳಲು ಸಾಲ ಕೊಟ್ಟವರು ಯಾರು, ಹರಾಜು ಕೂಗುವವನ ಜೊತೆ ಎಷ್ಟು ವರ್ಷದ ಸಂಬಂಧ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಪಕ್ಕದ ಬಂದರಿನಲ್ಲಿ ಜಾಸ್ತಿ ಬೆಲೆ ಇದೆ ಅಂತ ಗೊತ್ತಾದ ಮಾತ್ರಕ್ಕೆ ಅಲ್ಲಿಗೆ ಹೋಗಿ ಮಾರಲು ಎಲ್ಲರಿಗೂ ಆಗುತ್ತದಾ? ಸಾಲ ಕೊಟ್ಟ ಮನುಷ್ಯ ಇತ್ತ ದಡದಲ್ಲಿ ಕಾಯುತ್ತಿರುತ್ತಾನಲ್ವಾ? ಮಾಹಿತಿ ಸಿಗುವುದು ಒಂದು, ಅದನ್ನು ಬಳಸುವ ಸ್ವಾತಂತ್ರ್ಯ ಇರುವುದು ಇನ್ನೊಂದು.

ನನಗೆ ಈ ಜೋಡಿ ಅಧ್ಯಯನ ಇಷ್ಟ. ಅಂಕಿ ಲೆಕ್ಕ ಬೇಕು, ದಡದ ಮೇಲಿನ ಮಾತುಕತೆಯೂ ಬೇಕು. ಒಂದನ್ನೇ ಕಲಿಸುವ ವಿಭಾಗ ಅರ್ಧ ಕಲಿಸಿದ ಹಾಗೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಸೈನ್ಸ್ ಬ್ಲಾಕ್ ಒಂದು ತುದಿಗೆ, ಸಮಾಜಶಾಸ್ತ್ರ ವಿಭಾಗ ಇನ್ನೊಂದು ತುದಿಗೆ. ಇಬ್ಬರೂ ಸೇರುವುದು ಕ್ಯಾಂಟೀನಿನಲ್ಲಿ, ಅದೂ ಬೇರೆ ಬೇರೆ ಟೇಬಲ್ಲಿನಲ್ಲಿ.

ಹೊಸ ಉದಾಹರಣೆಗೆ ಬರೋಣ. 2025ರ ಸೆಪ್ಟೆಂಬರ್ 22ರಂದು ಕರ್ನಾಟಕದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಜನರ ಬಾಯಲ್ಲಿ ಜಾತಿ ಗಣತಿ. ಕಾಗದ ಇಲ್ಲ, ಪೂರ್ತಿ ಮೊಬೈಲ್ ಆ್ಯಪ್. ವಿದ್ಯುತ್ ಮೀಟರ್ ಆಧಾರದ ಮೇಲೆ ಮನೆ ಗುರುತಿಸಿ, ಬಾಗಿಲಿಗೆ ನಂಬರಿನ ಚೀಟಿ ಅಂಟಿಸಿದ್ದರು. ಶಿಕ್ಷಕರು ಆ್ಯಪ್ ತೆಗೆದು, ಮ್ಯಾಪ್ ನೋಡಿಕೊಂಡು ಮನೆ ಹುಡುಕಿ, 60 ಪ್ರಶ್ನೆ ಕೇಳಬೇಕು. ಕಾಗದದ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ. ಮೀಟರ್ ಇದ್ದರೆ ಮನೆ ಇದೆ, ಮನೆ ಇದ್ದರೆ ಕುಟುಂಬ ಇದೆ, ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಮೊದಲ ವಾರದಲ್ಲಿ ಕೇಳಿದ್ದು ಬೇರೆ. ಆ್ಯಪ್ ತೆರೆಯುವುದಿಲ್ಲ. ಸರ್ವರ್ ಇಲ್ಲ. ಮ್ಯಾಪ್ ತೋರಿಸಿದ ಕಡೆ ಮನೆ ಇಲ್ಲ. ಮಲೆನಾಡಿನ ಕಡೆ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕು. ಒಟಿಪಿ ಬರುವುದಿಲ್ಲ, ಬಂದರೂ ಜನ ಹೇಳುವುದಿಲ್ಲ. ಈ ಕೊನೆಯದ್ದರ ಹತ್ತಿರ ಒಂದು ನಿಮಿಷ ನಿಲ್ಲಬೇಕು. ವರ್ಷಗಟ್ಟಲೆ ಬ್ಯಾಂಕು, ಪೊಲೀಸರು, ಫೋನಿನ ಕಾಲರ್ ಟ್ಯೂನ್, ಎಲ್ಲರೂ ಸೇರಿ ‘ಒಟಿಪಿ ಯಾರಿಗೂ ಕೊಡಬೇಡಿ’ ಅಂತ ಕಿವಿಯಲ್ಲಿ ಊದಿದ್ದಾರೆ. ಈಗ ಬಾಗಿಲಿಗೆ ಬಂದ ಮೇಷ್ಟ್ರು ಒಟಿಪಿ ಹೇಳಿ ಅನ್ನುತ್ತಾರೆ. ಅಜ್ಜಿ ಹೇಳಲಿಲ್ಲ ಅಂದರೆ ಅವಳಿಗೆ ಡಿಜಿಟಲ್ ತಿಳಿವಳಿಕೆ ಇಲ್ಲ ಅನ್ನಬೇಕೋ, ಜಾಸ್ತಿಯೇ ಇದೆ ಅನ್ನಬೇಕೋ?

ಹೈಕೋರ್ಟ್ ಸೆಪ್ಟೆಂಬರ್ 25ರಂದು ಸಮೀಕ್ಷೆ ನಿಲ್ಲಿಸಲು ಒಪ್ಪಲಿಲ್ಲ, ಆದರೆ ಮಾಹಿತಿ ಕೊಡುವುದು ಜನರ ಇಷ್ಟಕ್ಕೆ ಬಿಟ್ಟದ್ದು, ಪಡೆದದ್ದನ್ನು ಗುಟ್ಟಾಗಿ ಇಡಬೇಕು ಎಂದಿತು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಕೆಲಸ ಮುಗಿಯಲಿಲ್ಲ. ಶಿಕ್ಷಕರು ಸಮೀಕ್ಷೆಯಲ್ಲೇ ಇದ್ದದ್ದರಿಂದ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಸರ್ವರಿನ ತೊಂದರೆಗೆ ಮಕ್ಕಳ ಪಾಠದ ದಿನಗಳೂ ಬೆಲೆ ಕೊಟ್ಟವು. ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಇದು ಎಲ್ಲೂ ಕಾಣುವುದಿಲ್ಲ. ಇಂಥ ಖರ್ಚನ್ನು ಹುಡುಕಿ ಬರೆದಿಡುವುದು ಯಾರ ಕೆಲಸ? ಒಬ್ಬ ಎಂಎ ವಿದ್ಯಾರ್ಥಿ ಒಂದು ತಾಲ್ಲೂಕಿನ ಶಿಕ್ಷಕರನ್ನು ಮಾತಾಡಿಸಿ ಬರೆದರೆ ಒಳ್ಳೆಯ ಪ್ರಬಂಧ ಆಗುತ್ತದೆ.

ಶಿಕ್ಷಕರದ್ದೊಂದೇ ಅಲ್ಲ. 2024ರ ಸೆಪ್ಟೆಂಬರ್ ಕೊನೆಗೆ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದಾಗ ಅವರ ದೂರುಗಳಲ್ಲಿ ಒಂದು, ತಲೆಗೆ ಕಟ್ಟಿದ ಆ್ಯಪ್‌ಗಳ ರಾಶಿ. ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತಾಗ, ಮಾಡಿದ ಕೆಲಸ ಪೋರ್ಟಲ್ಲಿನಲ್ಲಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತಿದೆ ಎಂಬುದೂ ಅವರ ಅಳಲಾಗಿತ್ತು. ಹೆರಿಗೆಗೆ ಜೊತೆ ಹೋದದ್ದು ನಿಜ, ತಾಯಿ ಮಗು ಇಬ್ಬರೂ ಕಣ್ಣೆದುರಿಗಿದ್ದಾರೆ, ಆದರೆ ಪೋರ್ಟಲ್ ಇಲ್ಲ ಅಂದರೆ ಇಲ್ಲ. ಕಾಗದ ಹೋಗಿ ಆ್ಯಪ್ ಬಂದಾಗ ಕೆಲಸ ಕಮ್ಮಿಯಾಗುತ್ತದೆ ಎಂದು ಮೇಲಿನವರು ನಂಬುತ್ತಾರೆ. ಕೆಳಗಿನವರು ಕಾಗದದಲ್ಲೂ ಬರೆದುಕೊಂಡು ಆ್ಯಪಿಗೂ ಹತ್ತಿಸುತ್ತಾರೆ. ಡಿಜಿಟಲ್ ಆಡಳಿತದ ಅಧ್ಯಯನಗಳು ಹೆಚ್ಚಾಗಿ ‘ಫಲಾನುಭವಿ’ಯ ಕಡೆ ನೋಡುತ್ತವೆ. ಕೌಂಟರಿನ ಒಳಗೆ ಕೂತು ಬೈಸಿಕೊಳ್ಳುವವರ ಕಡೆಗೂ ಅಷ್ಟೇ ನೋಡಬೇಕು.

ಅಂಕಿಗಳಿಗೂ ಇಂಥದೇ ಕಿರಿಕಿರಿ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಐದನೇ ಸುತ್ತಿನಲ್ಲಿ ಮೊದಲ ಸಲ ‘ನೀವು ಎಂದಾದರೂ ಇಂಟರ್ನೆಟ್ ಬಳಸಿದ್ದೀರಾ’ ಎಂದು ಕೇಳಿದರು. ದೇಶದ ಮಟ್ಟದಲ್ಲಿ ಹೌದು ಅಂದ ಹೆಂಗಸರು ಶೇ 33, ಗಂಡಸರು ಶೇ 57. ಅಂತರ ಕಣ್ಣಿಗೆ ಹೊಡೆಯುತ್ತದೆ, ಸರಿ. ಆದರೆ ಮಗನ ಫೋನಿನಲ್ಲಿ ದಿನಾ ಸಂಜೆ ಯೂಟ್ಯೂಬಿನಲ್ಲಿ ಭಜನೆ ಕೇಳುವ ತಾಯಿ ಈ ಪ್ರಶ್ನೆಗೆ ಏನು ಹೇಳುತ್ತಾಳೆ? ‘ಇಲ್ಲಪ್ಪ, ನಂಗೆ ಇಂಟರ್ನೆಟ್ ಎಲ್ಲ ಬರಲ್ಲ’ ಅನ್ನುವ ಸಾಧ್ಯತೆಯೇ ಹೆಚ್ಚು. ಇನ್ನೊಂದು ಕಡೆ, ಸ್ವಂತ ಫೋನ್ ಇದ್ದೂ ಪಾಸ್‌ವರ್ಡ್ ಗಂಡನ ಹತ್ತಿರ ಇರುವವಳು ‘ಹೌದು’ ಅಂದಿರುತ್ತಾಳೆ. ಪ್ರಶ್ನಾವಳಿ ಬರೆಯುವುದನ್ನು ಕಲಿಸುವ ಮೇಷ್ಟ್ರು ಈ ಇಬ್ಬರನ್ನೂ ತರಗತಿಗೆ ತರಬೇಕು.

ಇನ್ನು ವದಂತಿ. ಇದರ ಇತಿಹಾಸ ವಾಟ್ಸಾಪಿನಿಂದ ಶುರುವಾದದ್ದಲ್ಲ. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ಮತ್ತು ಬಾಯಿಮಾತಿನ ಬೆದರಿಕೆಗಳಿಗೆ ಹೆದರಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನ ಒಟ್ಟೊಟ್ಟಿಗೆ ಕಳಿಸುವ ಎಸ್ಸೆಮ್ಮೆಸ್‌ಗೆ ಐದರ ಮಿತಿ ಹಾಕಿತು. ಆರು ವರ್ಷದ ನಂತರ, 2018ರ ಜುಲೈನಲ್ಲಿ, ಬೀದರ್ ಜಿಲ್ಲೆಯ ಹಂದಿಕೇರಾ ಎಂಬ ಊರಿನ ಹತ್ತಿರ ಕಾರಿನಲ್ಲಿ ಬಂದಿದ್ದ ಕೆಲವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸಂದೇಶ ವಾಟ್ಸಾಪ್ ಗುಂಪಿನಲ್ಲಿ ಅವರ ಕಾರಿಗಿಂತ ಮುಂಚೆ ಮುರ್ಕಿ ಎಂಬ ಇನ್ನೊಂದು ಊರನ್ನು ತಲುಪಿತು. ಅಲ್ಲಿ ಹೈದರಾಬಾದಿನ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಫಾರ್ವರ್ಡಿಗೆ ಮಿತಿ ಹಾಕುವುದಾಗಿ ಹೇಳಿತು. ಎಷ್ಟು? ಈ ಸಲವೂ ಐದು.

ಮಿತಿ ಹಾಕಿದ್ದು ತಪ್ಪಲ್ಲ. ಬೆಂಕಿ ಹರಡುವ ವೇಗ ಕಮ್ಮಿಯಾದರೆ ಒಳ್ಳೆಯದೇ. ಆದರೆ ಅದು ಎಂಜಿನಿಯರ್ ಕೊಡಬಹುದಾದ ಉತ್ತರ, ಅದಕ್ಕಿಂತ ಹೆಚ್ಚನ್ನು ಅವನಿಂದ ಕೇಳಲೂ ಬಾರದು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಶಕುಂತಲಾ ಬನಾಜಿ ಮತ್ತು ರಾಮ್ ಭಟ್ 2019ರಲ್ಲಿ ಭಾರತದ ಇಂಥ ಹಿಂಸೆಯ ಬಗ್ಗೆ ಬರೆದಾಗ, ಜನರಿಗೆ ಫೋನ್ ಬಳಸಲು ಬರುವುದಿಲ್ಲ ಎಂಬುದು ಕಾರಣವಲ್ಲ ಎಂದರು. ಯಾರ ಬಗ್ಗೆ ಮೊದಲೇ ಅನುಮಾನ, ಅಸಹನೆ ಇದೆಯೋ ಅವರ ಮೇಲಿನ ಸುಳ್ಳು ಬೇಗ ಓಡುತ್ತದೆ. ಚೆನ್ನಾಗಿ ಓದಿದವರೂ ಕಳಿಸುತ್ತಾರೆ. ಕೆಲವರು ಸುಳ್ಳು ಅಂತ ಗೊತ್ತಿದ್ದೇ ಕಳಿಸುತ್ತಾರೆ. ನಮ್ಮ ಮನೆಯ ಫ್ಯಾಮಿಲಿ ಗ್ರೂಪ್ ತೆಗೆದು ನೋಡಿದರೆ ಇದಕ್ಕೆ ಲಂಡನ್ನಿನ ಸಾಕ್ಷಿ ಬೇಕಾಗುವುದಿಲ್ಲ.

ಹಾಗಾದರೆ ನಮ್ಮ ಕಾಲೇಜುಗಳು ಏನು ಕಲಿಸುತ್ತಿವೆ? 2021ರಲ್ಲಿ ಹೊಸ ಶಿಕ್ಷಣ ನೀತಿಯನ್ನು ಕರ್ನಾಟಕ ಎಲ್ಲರಿಗಿಂತ ಮೊದಲು ಜಾರಿಗೆ ತಂದಾಗ ಪದವಿ ತರಗತಿಗಳಿಗೆ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ವಿಷಯ ಬಂತು. ಬಿಎ ಮಕ್ಕಳಿಗೂ ಎಐ, ಬಿಗ್ ಡೇಟಾ, ಕ್ಲೌಡ್, ಸೈಬರ್ ಸುರಕ್ಷತೆಯ ಪರಿಚಯ. 2024ರಲ್ಲಿ ರಾಜ್ಯ ಆ ನೀತಿ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು, ಪಠ್ಯವೂ ಬದಲಾಯಿತು. ಆ ಕೋರ್ಸಿನ ಉದ್ದೇಶ ಕೆಟ್ಟದ್ದಿರಲಿಲ್ಲ. ಆದರೆ ಅದು ಕಲಿಸಿದ್ದು ಕಂಪನಿಗಳು ಮಾತಾಡುವ ಭಾಷೆಯನ್ನು. ಕ್ಲೌಡ್ ಅಂದರೆ ಏನು ಎಂದು ಕಲಿತ ಹುಡುಗಿಗೆ, ತನ್ನ ಅಮ್ಮನ ಗೃಹಲಕ್ಷ್ಮಿ ಹಣ ಯಾವ ಹಂತದಲ್ಲಿ ಯಾವ ಹೆಸರಿನ ಕಾಗುಣಿತ ತಾಳೆಯಾಗದೆ ನಿಂತಿದೆ ಎಂದು ಹುಡುಕುವ ದಾರಿ ಗೊತ್ತಾಗಲಿಲ್ಲ. ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು, ರೇಷನ್ ಕಾರ್ಡಿನಲ್ಲಿ ಮತ್ತೊಂದು. ಇದು ಪ್ರತಿ ಊರಿನ ಸೈಬರ್ ಸೆಂಟರಿನ ದಿನನಿತ್ಯದ ಮಾತು, ಆದರೆ ನಮ್ಮ ಪಠ್ಯದಲ್ಲಿ ಇಲ್ಲ.

ಈ ವಿಷಯದ ಓದು ಇನ್ನೂ ಇಂಗ್ಲಿಷಿನಲ್ಲಿ, ಅದೂ ಬೆಂಗಳೂರಿನಲ್ಲಿ, ಜಾಸ್ತಿ ಕೂತಿದೆ. ವಿಷಯದ ಸಾಮಗ್ರಿ ಇರುವುದು ಕನ್ನಡದಲ್ಲಿ, ನಾಡಕಚೇರಿಗಳಲ್ಲಿ, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನಿನ ಮುಂದೆ. ಪಡಿತರದ ಗಣಕೀಕರಣವನ್ನು ಕರ್ನಾಟಕದಲ್ಲಿ ನೋಡಿದ ಸಂಶೋಧಕರಾದ ಸಿಲ್ವಿಯಾ ಮಸಿಯೆರೊ ಮತ್ತು ಅಮಿತ್ ಪ್ರಕಾಶ್ 2015ರಲ್ಲಿ ಎತ್ತಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ಮಷೀನ್ ಇಟ್ಟದ್ದು ಅಂಗಡಿಯಲ್ಲಿ, ಹಾಗಾಗಿ ಕಣ್ಣೆಲ್ಲ ಅಂಗಡಿಯವನ ಮೇಲೆ, ಅಂಗಡಿಗೆ ಬರುವುದಕ್ಕೂ ಮುಂಚೆ ಸೋರಿಹೋದ ಅಕ್ಕಿಯನ್ನು ಆ ಮಷೀನ್ ಹೇಗೆ ಹಿಡಿಯುತ್ತದೆ? ಈ ಪ್ರಶ್ನೆ ಕೇಳಿದವರಲ್ಲಿ ಒಬ್ಬರು ಇಟಲಿ ಮೂಲದವರು. ಕಲಬುರಗಿಯಲ್ಲೋ ಶಿವಮೊಗ್ಗದಲ್ಲೋ ಎಂಎ ಓದುವವರು ಇದನ್ನು ಇನ್ನೂ ಹತ್ತಿರದಿಂದ ನೋಡಬಲ್ಲರು. ಮಾರ್ಗದರ್ಶಕರು ‘ಇದು ನಮ್ಮ ವಿಷಯ ಅಲ್ಲ’ ಅನ್ನದಿದ್ದರೆ ಸಾಕು.

ಅಡ್ಡಿಗಳೂ ಇವೆ. ವಾಟ್ಸಾಪ್ ಗುಂಪುಗಳ ಒಳಗೆ ಸಂಶೋಧಕರು ಇಣುಕಲು ಆಗುವುದಿಲ್ಲ, ಇಣುಕಲೂಬಾರದು. ಟ್ವಿಟರ್ 2023ರಲ್ಲಿ ತನ್ನ ಎಪಿಐ, ಅಂದರೆ ಮಾಹಿತಿ ತೆಗೆಯುವ ಕಿಂಡಿ, ಅದರ ಪುಕ್ಕಟೆ ದಾರಿ ಮುಚ್ಚಿತು. ಫೇಸ್‌ಬುಕ್ಕಿನಲ್ಲಿ ಯಾವ ಪೋಸ್ಟ್ ಎಷ್ಟು ಓಡುತ್ತಿದೆ ಎಂದು ತೋರಿಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಫೇಸ್‌ಬುಕ್ಕಿನ ಮಾಲೀಕ ಕಂಪನಿ ಮೆಟಾ 2024ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಯುರೋಪಿನಲ್ಲಿ ದೊಡ್ಡ ಕಂಪನಿಗಳು ಸಂಶೋಧಕರಿಗೆ ಮಾಹಿತಿ ಕೊಡಲೇಬೇಕು ಎಂಬ ಕಾನೂನಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ಒಂದಿಷ್ಟು ವಿನಾಯಿತಿ ಕೊಡುತ್ತದೆ, ಕಂಪನಿಯ ಬಾಗಿಲು ತೆರೆಸುವುದಿಲ್ಲ. ಅದೇ ಕಾಯ್ದೆ ಮಾಹಿತಿ ಹಕ್ಕಿನ ಕಾನೂನಿನಲ್ಲಿ ವೈಯಕ್ತಿಕ ಮಾಹಿತಿಯ ಕಲಂ ತಿದ್ದಿ ಸರ್ಕಾರದಿಂದ ಪಡೆಯುವುದನ್ನೂ ಬಿಗಿ ಮಾಡಿದೆ. ಹೀಗಾಗಿ ಕಾಲ್ನಡಿಗೆಯ ಸಂಶೋಧನೆಗೆ, ಅಂದರೆ ಹೋಗಿ ಕೂತು ಮಾತಾಡುವುದಕ್ಕೆ, ಮತ್ತೆ ಬೆಲೆ ಬಂದಿದೆ. ಅದಕ್ಕೆ ಎಪಿಐ ಬೇಡ.

‘ಇದನ್ನ ಓದಿದ್ರೆ ಕೆಲಸ ಸಿಗುತ್ತಾ?’ ಅಂತ ಅಪ್ಪ ಅಮ್ಮ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಂಪ್ಯೂಟರ್ ಸೈನ್ಸಿನಷ್ಟು ಇಲ್ಲ ಎಂಬುದು ನಿಜ. ಆದರೆ ಕೆಲಸ ಹುಟ್ಟುತ್ತಿರುವ ಒಂದು ಜಾಗ ನಮ್ಮಲ್ಲೇ ಇದೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾನೂನು ಮಾಡಿತು. ಊಟ, ಸಾಮಾನು ತಲುಪಿಸುವವರು, ಕ್ಯಾಬ್ ಓಡಿಸುವವರು ಎಲ್ಲ ಇದರೊಳಗೆ. ಕಂಪನಿಗಳು ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ಹೇಳದೆ, 14 ದಿನ ಮೊದಲು ತಿಳಿಸದೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಎಲ್ಲಕ್ಕಿಂತ ಹೊಸದು ಇನ್ನೊಂದು. ಯಾರಿಗೆ ಯಾವ ಆರ್ಡರ್, ಯಾರ ರೇಟಿಂಗ್ ಯಾಕೆ ಇಳಿಯಿತು, ಯಾರ ಐಡಿ ಯಾಕೆ ಬ್ಲಾಕ್ ಆಯಿತು ಎಂದು ತೀರ್ಮಾನಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಂಪನಿ ಕಾರ್ಮಿಕರಿಗೆ ತಿಳಿಸಬೇಕು.

ಕಾನೂನೇನೋ ಆಯಿತು. ಕಂಪನಿ ಕೊಟ್ಟ ವಿವರಣೆ ಸರಿ ಇದೆಯೋ, ಕಣ್ಣಿಗೆ ಮಣ್ಣೆರಚಿದೆಯೋ ಎಂದು ಯಾರು ನೋಡುತ್ತಾರೆ? ಕಾರ್ಖಾನೆಯ ಹಾಜರಿ ಪುಸ್ತಕ ತಿರುವಿ ಗೊತ್ತಿರುವ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರಿಗೆ ಇಂಥ ತೀರ್ಮಾನ ಮಾಡುವ ಅಲ್ಗಾರಿದಂ ಪರೀಕ್ಷಿಸಲು ಯಾರೂ ಕಲಿಸಿಲ್ಲ. ಎಂಜಿನಿಯರಿಗೆ ಕೋಡ್ ಗೊತ್ತು, ಮಳೆಯಲ್ಲಿ ಮಡಿವಾಳದ ಸಿಗ್ನಲ್ಲಿನಲ್ಲಿ ನಿಂತವನಿಗೆ ಆರ್ಡರ್ ತಡವಾದರೆ ಏನಾಗುತ್ತದೆ ಎಂಬುದು ಗೊತ್ತಿಲ್ಲ. ಐಐಐಟಿ ಬೆಂಗಳೂರಿನ ತಂಡ ‘ಫೇರ್‌ವರ್ಕ್’ ಹೆಸರಿನಲ್ಲಿ ಕೂಲಿ, ಕೆಲಸದ ಸ್ಥಿತಿ, ಒಪ್ಪಂದ, ನಿರ್ವಹಣೆ, ಸಂಘಟನೆಯ ಹಕ್ಕು ಎಂಬ ಐದು ಅಳತೆಗೋಲು ಹಿಡಿದು ಭಾರತದ ಇಂಥ ಕಂಪನಿಗಳಿಗೆ ಅಂಕ ಕೊಡುತ್ತಾ ಬಂದಿದೆ. ಚಾಲಕರ ಜೊತೆ ಕೂತು ಮಾತಾಡಿ, ಕಂಪನಿಯ ಷರತ್ತುಗಳ ಸಣ್ಣ ಅಕ್ಷರ ಓದಿ, ಎರಡನ್ನೂ ತಾಳೆ ನೋಡುವ ಕೆಲಸ ಅದು. ಹೊಸ ಕಾನೂನಿನಡಿಯ ಗಿಗ್ ಕಾರ್ಮಿಕರ ಮಂಡಳಿಗೆ ಬೇಕಾಗಿರುವುದು ಇದನ್ನೇ ಕಲಿತ, ಕನ್ನಡದಲ್ಲಿ ಕೇಳಬಲ್ಲ ಜನ. ಜೊತೆಗೆ 2027ರ ಜನಗಣತಿ ಬರುತ್ತಿದೆ, ಅದೂ ಮೊದಲ ಬಾರಿಗೆ ಮೊಬೈಲಿನಲ್ಲಿ. ಮತ್ತೆ ಅದೇ ಮೇಷ್ಟ್ರುಗಳು ಆ್ಯಪ್ ಹಿಡಿದು ಹೊರಡುತ್ತಾರೆ. ಅವರ ಹಿಂದೆ ಒಂದು ನೋಟ್‌ಬುಕ್ ಹಿಡಿದು ಹೋಗಲು ಯಾವ ವಿಶ್ವವಿದ್ಯಾಲಯ ತಯಾರಿದೆ?